ಆರು ಮೂಲೆ, ಒಂಬತ್ತು ಪಟ್ಟಿ

ಮಾರ್ಚ್ 3, ಮಂಗಳವಾರ

ಲೆಕ್ಕದಮ್ಮನಿಗೆ,

ಈಜುಕೊಳದ ಚೌಕಟ್ಟೂ ಅಲುಗಾಡುತ್ತಿದೆ. ಕೊಳದ ವಾಚ್‌ಮನ್ ಇವತ್ತು ಬೆಳಿಗ್ಗೆ ನಮ್ಮ ವೆಲ್ಡಿಂಗ್ ಶೆಡ್ಡಿಗೆ ಬಂದು ಹೇಳಿದರು.

ಎರಡು ವರ್ಷದ ಮೇಲೆ ನಿನಗೆ ಬರೆಯುವ ಮೊದಲ ಕಾಗದ ಹೀಗೆ ಶುರುವಾಗುವುದು ನನಗೂ ಇಷ್ಟವಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನಿನ್ನ ದನಿಯಲ್ಲಿ ನಿಮ್ಮಣ್ಣನ ದನಿ ಇದೆ. ನೀನು ‘ಹಲೋ’ ಅನ್ನುವಾಗಲೇ ಇದೆ. ಅವರ ಅಂತ್ಯಸಂಸ್ಕಾರವಾದ ವಾರದಲ್ಲಿ ನೀನು ಎರಡು ಸಲ ಫೋನ್ ಮಾಡಿದೆ, ನಾನು ಎರಡು ಸಲವೂ ಇಟ್ಟುಬಿಟ್ಟೆ. ಸಿಟ್ಟು ಅಂತ ನೀನು ತಿಳಿದಿರಬಹುದು. ಸಿಟ್ಟೂ ಇತ್ತು, ಇಲ್ಲ ಅನ್ನುವುದಿಲ್ಲ.

ಇಂಥ ಚೌಕಟ್ಟು ನಿಮ್ಮಣ್ಣ ಎರಡೇ ಮಾಡಿದ್ದು. ಮೊದಲನೆಯದು ಮಾರುಕಟ್ಟೆ ಕಟ್ಟಡದ ಮುಂಬಾಗಿಲ ಮೇಲಿನ ದುಂಡು ಕಿಂಡಿಗೆ. ಮರುವರ್ಷ ಅದೇ ನಕ್ಷೆಯಲ್ಲಿ ಈಜುಕೊಳದ ಬಾಗಿಲ ಮೇಲೆ. ಎರಡೂ ಆರು ಮೂಲೆಯವು. ಸುತ್ತ ಆರು ಕಬ್ಬಿಣದ ಪಟ್ಟಿ, ಎದುರು ಮೂಲೆಗಳನ್ನು ಸೇರಿಸುವ ಉದ್ದನೆಯ ಪಟ್ಟಿ ಮೂರು, ಮೂಲೆಗೊಂದು ಬೋಲ್ಟ್. ಇಡಿಯಾಗಿ ಮೇಲಕ್ಕೆ ಎತ್ತಲು ಆಗುವುದಿಲ್ಲ ಎಂದು ಬಿಡಿಬಿಡಿಯಾಗಿ ಒಯ್ದು ಅಲ್ಲೇ ಜೋಡಿಸಿದರು. ಮಾರುಕಟ್ಟೆಯದು ಎರಡು ವರ್ಷದ ಹಿಂದೆ ಜನವರಿಯಲ್ಲಿ ಇವರ ಸಮೇತ ಕೆಳಗೆ ಬಿತ್ತು. ‘ಬೋಲ್ಟುಗಳು ಸಡಿಲವಾಗಿದ್ದವು, ಕೆಲಸ ಕಳಪೆ’ ಎಂದು ವಿಚಾರಣಾ ಸಮಿತಿ ಬರೆಯಿತು. ಅಂದಿನಿಂದ ನಮ್ಮ ಶೆಡ್ಡಿಗೆ ಗೇಟು, ಕಿಟಕಿ ಸರಳು ಬಿಟ್ಟರೆ ಬೇರೆ ಕೆಲಸಕ್ಕೆ ಅನುಮತಿ ಇಲ್ಲ.

ವಾಚ್‌ಮನ್ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ.

“ಅಮ್ಮಾ, ಅದು ಉಸಿರಾಡ್ತದೆ.”

“ಹಾಗಂದ್ರೆ?”

“ಎದೆ ಥರ. ಒಂದು ಬಿಟ್ಟು ಒಂದು ಮೂಲೆ ಹೊರಗೆ ಬರ್ತದೆ, ಉಳಿದವು ಒಳಗೆ ಹೋಗ್ತವೆ. ಜಾಸ್ತಿ ಏನಿಲ್ಲ, ಕೂದಲೆಳೆಯಷ್ಟು. ದಿನಾ ನಾಲ್ಕು ಗಂಟೆಗೆ ನೀರಿನ ಪಂಪ್ ಹಾಕಿದ್ಮೇಲೆ.”

ಶೆಡ್ಡಿನ ಮೇಸ್ತ್ರಿ ಅಲ್ಲೇ ಗೇಟಿಗೆ ಬಣ್ಣ ಹೊಡೆಯುತ್ತಿದ್ದರು. “ಊಟ ಆದ್ಮೇಲೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ನೋಡಿರ್ತೀರಿ ಬಿಡಿ,” ಅಂದರು.

“ಕಣ್ಣು ಮುಚ್ಚಿದ್ರೂ ಕೇಳ್ಸತ್ತಲ್ಲ ಸ್ವಾಮಿ. ಟಕ್, ಟಕ್ ಅಂತ ಆರು ಸಲ ಸುತ್ತಲೂ. ಆಮೇಲೆ ನಿಧಾನಕ್ಕೆ ಮೂರು.”

ಮೇಸ್ತ್ರಿ ಬ್ರಷ್ಷನ್ನು ಡಬ್ಬಿಗೆ ಇಟ್ಟರು. ನಿಮ್ಮಣ್ಣ ಮಾರುಕಟ್ಟೆಯಲ್ಲಿ ತಿಂಗಳಿಗೊಮ್ಮೆ ಏಣಿ ಹತ್ತಿ ಬೋಲ್ಟು ಬಿಗಿ ಮಾಡಿದ ಮೇಲೆ, ಪ್ರತಿ ಪಟ್ಟಿಯನ್ನೂ ಸ್ಪ್ಯಾನರಿನಿಂದ ಒಂದೊಂದು ಸಲ ತಟ್ಟಿ ಕಿವಿಗೊಡುತ್ತಿದ್ದರು. ಮೊದಲು ಸುತ್ತಿನ ಆರು, ಆಮೇಲೆ ಉದ್ದನೆಯ ಮೂರು. ಏಣಿ ಹಿಡಿಯುತ್ತಿದ್ದವರು ಮೇಸ್ತ್ರಿ. ವಾಚ್‌ಮನ್ ನಿಮ್ಮಣ್ಣನನ್ನು ಒಮ್ಮೆಯೂ ನೋಡಿದವರಲ್ಲ.

ನಾನು ಕೇಳುವುದು ಇಷ್ಟೇ. ಆ ಬಾಗಿಲಲ್ಲಿ ಜನ ಓಡಾಡಬಹುದೇ?

ಅತ್ತಿಗೆ


ಮಾರ್ಚ್ 9, ಸೋಮವಾರ

ಅತ್ತಿಗೆಗೆ ನಮಸ್ಕಾರ.

ಓಡಾಡಬಾರದು. ಆ ಬಾಗಿಲನ್ನು ಕೂಡಲೇ ಮುಚ್ಚಿಸಿ. ಬೋಲ್ಟು ಬಿಗಿ ಮಾಡಿದರೆ ಸಾಲದು. ಎಷ್ಟು ಬಿಗಿ ಮಾಡಿದರೂ ಅದು ಮತ್ತೆ ಸಡಿಲವಾಗುತ್ತದೆ. ಅಣ್ಣನ ಕೆಲಸ ಕಳಪೆಯಾಗಿರಲಿಲ್ಲ. ಸಮಿತಿಯವರು ಸಡಿಲವಾದ ಬೋಲ್ಟನ್ನು ಕಾರಣ ಅಂದುಕೊಂಡರು, ಅದು ಪರಿಣಾಮ.

ವಾಚ್‌ಮನ್ ಕಂಡದ್ದು ನಿಜ. ಮೂರು ಮೂಲೆ ಹೊರಗೆ, ಮೂರು ಒಳಗೆ. ಅದು ಹಾಗೆಯೇ ಚಲಿಸಬೇಕು, ಬೇರೆ ರೀತಿ ಚಲಿಸಲು ಅದಕ್ಕೆ ಬರುವುದಿಲ್ಲ. ನಂಬಿಕೆ ಬರದಿದ್ದರೆ ಹೀಗೆ ಮಾಡಿ. ದಪ್ಪ ರಟ್ಟಿನಲ್ಲಿ ಆರು ಗಿಡ್ಡ ಪಟ್ಟಿ, ಅದರ ಎರಡರಷ್ಟು ಉದ್ದದ ಮೂರು ಪಟ್ಟಿ ಕತ್ತರಿಸಿ. ಗಿಡ್ಡನೆಯ ಆರನ್ನೂ ಗುಂಡುಪಿನ್ನಿನಿಂದ ಸುತ್ತ ಜೋಡಿಸಿ, ಉದ್ದನೆಯವನ್ನು ಎದುರು ಮೂಲೆಗಳಿಗೆ ಚುಚ್ಚಿ. ಊಟದ ತಟ್ಟೆಯನ್ನು ಕವುಚಿ ನೋಡಿದರೆ ಆರೂ ಪಿನ್ನು ಒಂದೇ ವೃತ್ತದ ಮೇಲೆ ಕೂತಿರುತ್ತವೆ. ಈಗ ಒಂದು ಮೂಲೆಯನ್ನು ಬೆರಳಲ್ಲಿ ಒತ್ತಿ.

ಆಮೇಲೆ ಇನ್ನೊಂದು ಮಾಡಿ. ಒಂದೇ ಒಂದು ಮೂಲೆಯನ್ನು ಹೆಬ್ಬೆರಳಷ್ಟು ಒಳಕ್ಕೆ ತಂದು, ಅಲ್ಲಿಗೆ ಬರುವ ಪಟ್ಟಿಗಳನ್ನು ಆ ಅಳತೆಗೆ ಕತ್ತರಿಸಿ. ನೋಡಲು ಸೊಟ್ಟಗಿರುತ್ತದೆ. ಅಲುಗಾಡುವುದಿಲ್ಲ. ಅದೇ ಆರು ಮೂಲೆ, ಅದೇ ಒಂಬತ್ತು ಪಟ್ಟಿ, ಯಾವುದು ಯಾವುದಕ್ಕೆ ಸೇರಿದೆ ಎಂಬುದೂ ಅದೇ.

ನಮ್ಮ ವಿಷಯದಲ್ಲಿ ಇದನ್ನು ಹೀಗೆ ಹೇಳುತ್ತೇವೆ: ಎಣಿಕೆ ಸರಿಯಿದ್ದರೆ ಚೌಕಟ್ಟು ಬಿಗಿಯಾಗಿರುತ್ತದೆ, ಮೂಲೆಗಳು ವಿಶೇಷವಾದ ಜಾಗದಲ್ಲಿ ಇರದಿದ್ದರೆ. ಎರಡನೆಯ ಅರ್ಧವನ್ನು ಜನ ಓದುವುದಿಲ್ಲ. ಆರೂ ಒಂದೇ ವೃತ್ತದ ಮೇಲಿರುವುದು ವಿಶೇಷವಾದ ಜಾಗ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನೀಗ ಅಂಥ ಚೌಕಟ್ಟುಗಳ ಕೆಲಸ ಮಾಡುತ್ತಿಲ್ಲ. ಐದು ವರ್ಷದಿಂದ ಬೇರೆ. ಚುಕ್ಕಿ ಮತ್ತು ಗೆರೆಗಳ ಚಿತ್ರಕ್ಕೆ ಗ್ರಾಫ್ ಎನ್ನುತ್ತಾರೆ. ಅದರಿಂದ ಚುಕ್ಕಿಗಳನ್ನೆಲ್ಲ ತೆಗೆದುಹಾಕಿ, ಯಾವ ಪಟ್ಟಿಗಳು ಒಂದನ್ನೊಂದು ನೆಚ್ಚಿಕೊಂಡಿವೆ, ಯಾವುವು ಸ್ವತಂತ್ರ ಎಂಬುದನ್ನಷ್ಟೇ ಉಳಿಸಿಕೊಂಡರೆ ಅದಕ್ಕೆ ಮ್ಯಾಟ್ರಾಯ್ಡ್ ಎಂದು ಹೆಸರು. ಹಳೆಯ ನಿಯಮ ಮೂಲೆಗಳನ್ನು ಎಣಿಸುತ್ತಿತ್ತು: ಆರರ ಎರಡರಷ್ಟು, ಮೂರು ಕಳೆದರೆ ಒಂಬತ್ತು. ಹೊಸದರಲ್ಲಿ ಮೂಲೆ ಬೇಡ. ಎಲ್ಲೂ ಸುತ್ತು ಕಟ್ಟಿಕೊಳ್ಳದ ಹಾಗೆ ಎಷ್ಟು ಪಟ್ಟಿ ಇಡಬಹುದು? ಐದು. ಐದರ ಎರಡರಷ್ಟು, ಒಂದು ಕಳೆದರೆ ಅದೇ ಒಂಬತ್ತು. ಹೀಗೆ ಬರೆದರೆ ಗ್ರಾಫ್ ಅಲ್ಲದೆ ಇನ್ನೂ ಎಷ್ಟೋ ಸಂಗತಿಗಳಿಗೆ ಬಿಗಿತದ ಮಾತು ಹೊಂದುತ್ತದೆ. ನನ್ನ ಪ್ರಬಂಧ ಅದರ ಮೇಲೆಯೇ.

ಪಂಪಿನ ಕಂಪನಕ್ಕೆ ಬೋಲ್ಟು ಸಡಿಲವಾಗಿ ಟಕ್ ಎನ್ನುವುದು ಸಹಜ. ಒಂಬತ್ತು ಪಟ್ಟಿಗೆ ಒಂಬತ್ತು ಸದ್ದು. ಅದರಲ್ಲಿ ಬೇರೇನೂ ಇಲ್ಲ.

ನಿಮ್ಮ ನಾದಿನಿ


ಮಾರ್ಚ್ 20, ಶುಕ್ರವಾರ

ಲೆಕ್ಕದಮ್ಮನಿಗೆ,

ರಟ್ಟು ಉಸಿರಾಡಿತು. ಮೇಸ್ತ್ರಿಯೂ ನಾನೂ ಸೋಮವಾರ ಮಧ್ಯಾಹ್ನ ಶೆಡ್ಡಿನ ಮೇಜಿನ ಮೇಲೆ ಮಾಡಿ ನೋಡಿದೆವು. ರಟ್ಟು ಕತ್ತರಿಸುವುದರಲ್ಲಿ ಮೇಸ್ತ್ರಿ ಎರಡು ಸಲ ಅಳತೆ ತಪ್ಪಿದರು. “ಕಬ್ಬಿಣ ಆದ್ರೆ ತಪ್ಪಲ್ಲ ಅಮ್ಮ, ಇದು ಕಾಗದ, ಕೈಗೆ ಮರ್ಯಾದೆ ಕೊಡಲ್ಲ,” ಅಂದರು. ಮೂರನೇ ಸಲ ಸರಿಬಂತು. ನಾನು ಒಂದು ಮೂಲೆ ಒತ್ತಿದೆ. ಎದುರು ಮೂಲೆ ನನ್ನಿಂದ ದೂರ ಸರಿಯಿತು, ಪಕ್ಕದವು ಎರಡೂ ಉಬ್ಬಿದವು. ಉದ್ದನೆಯ ಪಟ್ಟಿ ಮೂರೂ ತಮ್ಮ ತಮ್ಮ ಉದ್ದಕ್ಕೇ ಜಾರಿದವು, ಹಾವು ಬಿಲಕ್ಕೆ ಹೋಗುವ ಹಾಗೆ. ಮೂರೂ ಮೂರು ದಿಕ್ಕಿಗೆ.

ಮೇಸ್ತ್ರಿ ಒಂದು ಪಿನ್ನು ತೆಗೆದುಕೊಂಡು ಮೂರೂ ಪಟ್ಟಿ ಹಾದುಹೋಗುವ ಮಧ್ಯದಲ್ಲಿ ಚುಚ್ಚಿದರು. ಅಷ್ಟೇ. ಆಮೇಲೆ ಎಷ್ಟು ಒತ್ತಿದರೂ ಅಲುಗಾಡಲಿಲ್ಲ.

ನಿನ್ನ ಸೊಟ್ಟ ಚೌಕಟ್ಟನ್ನೂ ಮಾಡಿದೆವು. ಅದೂ ನಿಂತಿತು.

ಮೂಲೆ ಇಲ್ಲದ ಚೌಕಟ್ಟಿನ ವಿಷಯ ಮೇಸ್ತ್ರಿಗೆ ಓದಿ ಹೇಳಿದೆ. “ಮೂಲೆನೇ ಇಲ್ದಿದ್ರೆ ಬೋಲ್ಟ್ ಎಲ್ಲಿಗೆ ಹಾಕ್ತಾರಂತೆ?” ಎಂದು ಕೇಳಿದರು. ನನಗೆ ಗೊತ್ತಿಲ್ಲ ಅಂದೆ. “ಒಳ್ಳೇದೇ ಬಿಡಿ. ಮೂಲೆ ಇಲ್ಲ ಅಂದ್ರೆ ಹತ್ತೋ ಗೋಳಿಲ್ಲ, ಬೀಳೋ ಗೋಳೂ ಇಲ್ಲ.” ನಗಿಸಲೆಂದೇ ಅಂದದ್ದು. ಹೇಳಿದ ಮೇಲೆ ಎದ್ದು ರಟ್ಟಿನ ಚೂರುಗಳನ್ನು ಗುಡಿಸತೊಡಗಿದರು.

ಮರುದಿನ ನಗರದ ಎಂಜಿನಿಯರ್ ಹತ್ತಿರ ರಟ್ಟು, ಪಿನ್ನು, ತಟ್ಟೆ ಎಲ್ಲ ಚೀಲದಲ್ಲಿ ಹಾಕಿಕೊಂಡು ಹೋದೆ. ಅವರು ಒಳ್ಳೆಯವರೇ. ಕೂರಿಸಿ ನೀರು ಕೊಟ್ಟರು. “ಅಮ್ಮಾ, ನಿಮ್ಮ ದುಃಖ ನನಗೆ ಅರ್ಥ ಆಗ್ತದೆ. ಆದ್ರೆ ತಟ್ಟೆ ತಂದು ತೋರಿಸಿ ಈಜುಕೊಳ ಮುಚ್ಚಿ ಅಂದ್ರೆ ಹೇಗೆ? ಬೋಲ್ಟ್ ಬಿಗಿ ಮಾಡ್ಸಿದೀನಿ. ತಿಳಿದವರು ಯಾರಾದ್ರೂ ಸಹಿ ಹಾಕಿ ಬರೆದು ಕೊಟ್ರೆ ನೋಡೋಣ,” ಅಂದರು.

ತಿಳಿದವರು ಅಂದರೆ ನೀನು.

ಬರೆಯುವ ಮೊದಲು ಇದನ್ನು ಓದು. ಒಂದು ಹಳೆಯ ಕಾಗದ ನನ್ನ ಬಳಿ ಇದೆ. ನಿನ್ನ ಅಕ್ಷರ, ಹನ್ನೊಂದು ವರ್ಷದ ಹಿಂದಿನದು, ನೀನಿನ್ನೂ ಓದುತ್ತಿದ್ದಾಗಿನದು.

“ಅಣ್ಣಾ, ಮಧ್ಯದ ಬೋಲ್ಟ್ ಬೇಡ. ಆರು ಮೂಲೆಗೆ ಒಂಬತ್ತು ಪಟ್ಟಿ ಸಾಕು, ಎಲ್ಲೂ ಒಂದೇ ಕಡೆ ಗುಂಪುಗೂಡಿಲ್ಲ. ಇನ್ನೊಂದು ಬಿಗಿತ ದಂಡ. ಸುಮ್ಮನೆ ತೂತು ಕೊರೆದು ಪಟ್ಟಿಯ ಬಲ ಕಳೆಯಬೇಡ. ಇದು ನನ್ನ ಅಭಿಪ್ರಾಯ ಅಲ್ಲ, ಪ್ರಮೇಯ.”

ಕೆಳಗೆ ನೀನು ಬರೆದ ಚಿತ್ರವೂ ಇದೆ. ಕೈಯಲ್ಲಿ ಬರೆದದ್ದು, ಸೊಟ್ಟಗಿದೆ. ನಿಮ್ಮಣ್ಣ ಅದನ್ನು ದುಂಡು ಕಿಂಡಿಗೆ ಹೊಂದುವ ಹಾಗೆ ಚೆಂದ ಮಾಡಿದರು. ನೀನು ಬರೆದ ಹಾಗೆಯೇ ಮಾಡಿದ್ದರೆ ನಿಲ್ಲುತ್ತಿತ್ತು, ಅಲ್ಲವೇ?

ಇದು ನಿನಗೆ ಯಾವಾಗ ತಿಳಿಯಿತು?

ಅತ್ತಿಗೆ


ಏಪ್ರಿಲ್ 2, ಗುರುವಾರ

ಲೆಕ್ಕದಮ್ಮನಿಗೆ,

ಬೇಸಿಗೆಯ ಈಜು ತರಗತಿ ಏಪ್ರಿಲ್ 27ಕ್ಕೆ ಶುರುವಾಗುತ್ತದೆ. ಬಾಗಿಲ ಮೇಲೆ ಬ್ಯಾನರ್ ಕಟ್ಟಿದ್ದಾರೆ. ಕಟ್ಟಿರುವುದು ಚೌಕಟ್ಟಿನ ಕೆಳಗಿನ ಎರಡು ಮೂಲೆಗೆ.

ನಿನ್ನೆ ನಾನೇ ಹೋಗಿ ಕೂತೆ. ನಾಲ್ಕಕ್ಕೆ ಪಂಪ್ ಹಾಕಿದರು. ಕ್ಲೋರಿನ್ ವಾಸನೆ, ಒದ್ದೆ ನೆಲ, ನೀರಿನ ಬೆಳಕು ಮೇಲಿನ ತಗಡಿನಲ್ಲಿ ಅಲುಗುತ್ತಿತ್ತು. ಮೊದಲು ಏನೂ ಇಲ್ಲ. ಆಮೇಲೆ ಆರು, ಸುತ್ತಿ ಬಂದ ಹಾಗೆ. ಆಮೇಲೆ ಮೂರು. ಆರಕ್ಕೂ ಮೂರಕ್ಕೂ ನಡುವೆ ಒಂದು ಬಿಡುವು ಇತ್ತು. ಇವರು ಏಣಿಯ ಮೇಲೆ ಕಾಲು ಬದಲಿಸುತ್ತಿದ್ದಷ್ಟು ಹೊತ್ತು.

ನೆಲ ಒರೆಸುವ ಹೆಂಗಸು ನನ್ನ ಪಕ್ಕ ನಿಂತು, “ಬಂದಿದಾರೆ ನೋಡಿ. ಪಾಪ, ಒಂದು ದಿನಾನೂ ತಪ್ಪಿಸಲ್ಲ,” ಅಂದಳು. ನಾನು ಯಾರು ಎಂಬುದು ಅವಳಿಗೆ ತಿಳಿಯದು.

ಅದರಲ್ಲಿ ಬೇರೇನೂ ಇಲ್ಲ ಎಂದು ನೀನು ಬರೆದೆ. ಸರಿ.

ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ.

ಅತ್ತಿಗೆ


ಏಪ್ರಿಲ್ 8, ಬುಧವಾರ

ಅತ್ತಿಗೆಗೆ,

ಅಣ್ಣ ಹೋಗುವುದಕ್ಕೆ ಎರಡೂವರೆ ವರ್ಷ ಮೊದಲು ತಿಳಿಯಿತು.

ಒಂದು ಉಪನ್ಯಾಸ. ಮಧ್ಯಾಹ್ನದ ಹೊತ್ತು, ಮೂವತ್ತು ಜನ ಇದ್ದೆವು. ಮಾತಾಡುತ್ತಿದ್ದವರು ಬೋರ್ಡಿನ ಮೇಲೆ ವೃತ್ತ ಬರೆದು, ಆರು ಚುಕ್ಕಿ ಇಟ್ಟು, ಒಂಬತ್ತು ಗೆರೆ ಎಳೆದರು. “ಎಲ್ಲರಿಗೂ ಗೊತ್ತಿರೋ ಹಾಗೆ ಇದು ಅಲುಗಾಡ್ತದೆ,” ಅಂದು ಮುಂದೆ ಹೋದರು. ಎಲ್ಲರಿಗೂ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಾನು ಎಣಿಕೆಯ ಪ್ರಮೇಯವನ್ನು ಕಲಿತ ತಿಂಗಳಲ್ಲೇ ಅಣ್ಣನಿಗೆ ಬರೆದಿದ್ದೆ, ಅದರ ಷರತ್ತಿನ ಕಡೆ ಮತ್ತೆ ಕಣ್ಣು ಹಾಯಿಸಿರಲಿಲ್ಲ. ಆ ಕೋಣೆಯಲ್ಲಿ ಅದನ್ನು ಮೊದಲು ಕಬ್ಬಿಣದಲ್ಲಿ ನೋಡಿದವಳು ನಾನೊಬ್ಬಳೇ.

ಅವತ್ತೇ ಅಣ್ಣನಿಗೆ ಕಾಗದ ಬರೆದೆ, ಅಂಚೆಗೆ ಹಾಕಲಿಲ್ಲ. ಐದಾರು ವರ್ಷದಿಂದ ನಿಂತಿದೆ, ಕಿಂಡಿಯ ಗೋಡೆಯೇ ಹಿಡಿದಿಟ್ಟಿರುತ್ತದೆ, ಏನಾದರೂ ಇದ್ದಿದ್ದರೆ ಅವನೇ ಹೇಳುತ್ತಿದ್ದ ಎಂದು ನನಗೆ ನಾನೇ ಹೇಳಿಕೊಂಡೆ. ಆ ವರ್ಷವೇ ನಾನು ವಿಷಯ ಬದಲಿಸಿದ್ದು. ಮ್ಯಾಟ್ರಾಯ್ಡಿನಲ್ಲಿ ಜಾಗವೇ ಇಲ್ಲ, ಆದ್ದರಿಂದ ತಪ್ಪು ಜಾಗವೂ ಇಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳು. ಅಲ್ಲೂ ಆ ಷರತ್ತನ್ನು ಬೇರೆ ರೂಪದಲ್ಲಿ ಬರೆಯಲೇಬೇಕು. ಐದು ವರ್ಷದ ಕೆಲಸದ ಮೊದಲ ಪುಟದಲ್ಲೇ ಅದಿದೆ.

ಈಗ ಪ್ರಬಂಧ ಪರಿಶೀಲಕರಿಂದ ವಾಪಸು ಬಂದಿದೆ. ಒಂದೇ ತಕರಾರು. ‘ಷರತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಸರಳ ಉದಾಹರಣೆ ಕೊಡಿ. ವೃತ್ತದ ಮೇಲಿನ ಆರು ಬಿಂದು ಸಾಕು.’ ಎರಡು ತಿಂಗಳಿಂದ ಅದು ಮೇಜಿನ ಮೇಲಿದೆ. ಬೇರೆ ಏನು ಬರೆಯಹೊರಟರೂ ಕಾಗದದ ಅಂಚಿನಲ್ಲಿ ಆರು ಚುಕ್ಕಿ ಇಟ್ಟಿರುತ್ತೇನೆ. ಹಾಜರಿ ಪುಸ್ತಕದಲ್ಲಿ, ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ. ಇಟ್ಟದ್ದು ನನಗೆ ಗೊತ್ತಾಗುವುದಿಲ್ಲ. ಪ್ರಬಂಧದಲ್ಲಿ ಮಾತ್ರ ಇಡಲು ಕೈ ಬರುತ್ತಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನೀವು ನನ್ನನ್ನು ಕ್ಷಮಿಸಬಹುದೇನೋ. ಇನ್ನೂ ಇದೆ.

ಅವನು ಹೋಗುವುದಕ್ಕೆ ಏಳು ತಿಂಗಳು ಮೊದಲು, ಜೂನ್‌ನಲ್ಲಿ, ವೆಲ್ಡಿಂಗ್ ಯಂತ್ರದ ಭಾಗ ಕೊಳ್ಳಲು ಇಲ್ಲಿಗೆ ಬಂದಿದ್ದ. ನನ್ನ ಕೋಣೆಗೆ ಬಂದ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಚಹಾ ಕುಡಿದ. ಬೋರ್ಡ್ ನೋಡಿ, “ಇದೇನೇ ಒಂದೂ ಚಿತ್ರ ಇಲ್ಲ, ಬರೀ ಅಕ್ಷರ?” ಅಂದ. ಚಿತ್ರ ಬೇಕಾಗಲ್ಲ ಅಂದೆ. ಆಮೇಲೆ ಲೋಟ ಕೆಳಗಿಟ್ಟು ಕೇಳಿದ:

“ಲೆಕ್ಕದಮ್ಮ, ಆ ಒಂಬತ್ತರ ಲೆಕ್ಕ ಈಗಲೂ ಸರೀನಾ? ಅಥವಾ ಅದಕ್ಕೂ ವಯಸ್ಸಾಯ್ತಾ?”

“ಲೆಕ್ಕಕ್ಕೆ ವಯಸ್ಸಾಗಲ್ಲ ಅಣ್ಣ. ಯಾಕೆ, ಏನಾದ್ರೂ ಅಲುಗಾಡ್ತಾ ಇದ್ಯಾ?”

“ಕಬ್ಬಿಣ ಅಂದ್ಮೇಲೆ ಸ್ವಲ್ಪ ಮಾತಾಡ್ತದೆ.”

ನಾನು ಮುಂದೆ ಕೇಳಲಿಲ್ಲ. ಅವನು ನನ್ನ ಮುಖ ನೋಡಿದ. ಆಮೇಲೆ ಬಸ್ಸಿನ ಹೊತ್ತಾಯಿತು ಅಂದ. ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇತ್ತು.

ಆ ಕುರ್ಚಿಯನ್ನು ಎರಡು ಸಲ ಬೇರೆ ಕೋಣೆಗೆ ಕಳಿಸಿದೆ. ಎರಡು ಸಲವೂ ಜವಾನರು ‘ನಿಮ್ಮದು ಅಲ್ಲಿ ಉಳಿದಿತ್ತು ಮೇಡಂ’ ಎಂದು ತಂದು ಅದೇ ಕಿಟಕಿಯ ಪಕ್ಕ ಇಟ್ಟರು.

ನಿಮ್ಮ ನಾದಿನಿ


ಏಪ್ರಿಲ್ 16, ಗುರುವಾರ

ನಿನ್ನ ಕಾಗದ ಸೋಮವಾರ ಬಂತು. ಮೂರು ದಿನ ಏನೂ ಬರೆಯಲಿಲ್ಲ. ಬರೆದಿದ್ದರೆ ನೀನು ಅದನ್ನು ಬದುಕಿರುವವರೆಗೂ ಮರೆಯುತ್ತಿರಲಿಲ್ಲ, ನಾನೂ ಮರೆಯುತ್ತಿರಲಿಲ್ಲ.

ನೀನು ಹೇಳಿದ್ದರಲ್ಲಿ ನನಗೆ ಹೊಸದು ಕಡಿಮೆ. ಆ ಜೂನ್‌ನಲ್ಲಿ ನಿಮ್ಮಣ್ಣ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಂದರು: “ಅವಳಿಗೆ ಗೊತ್ತು ಕಣೇ. ಹೇಳಕ್ಕೆ ಆಗ್ತಿಲ್ಲ.”

“ಹಾಗಾದ್ರೆ ನೀವೇ ಮಧ್ಯಕ್ಕೊಂದು ಬೋಲ್ಟ್ ಹೊಡೀರಿ, ಅವಳ ಅಪ್ಪಣೆ ಯಾಕೆ ಬೇಕು?” ಅಂದೆ.

“ಹೊಡೀಬಹುದು. ಆದ್ರೆ ನಾನೇ ಹೊಡೆದ್ರೆ ಅವಳು ತಪ್ಪು ಅಂತ ಆಗ್ತದೆ. ಅವಳೇ ಹೇಳಿದ್ರೆ ಅವಳು ಸರಿಮಾಡಿದ್ಲು ಅಂತ ಆಗ್ತದೆ. ಬರೀತಾಳೆ ಬಿಡು, ಎಲ್ಲಿ ಹೋಗ್ತಾಳೆ?”

ಅವತ್ತಿನಿಂದ ಅಂಚೆಯವರು ಬರುವ ಹೊತ್ತಿಗೆ ಬಾಗಿಲಲ್ಲಿ ಏನಾದರೂ ಕೆಲಸ ಹುಡುಕಿಕೊಂಡು ನಿಲ್ಲುತ್ತಿದ್ದರು. ಕೀಲಿಗೆ ಎಣ್ಣೆ ಬಿಡುವುದು, ಮೆಟ್ಟಿಲು ಗುಡಿಸುವುದು. ಇಡೀ ಬೀದಿಯಲ್ಲಿ ನಮ್ಮ ಮನೆ ಬಾಗಿಲಷ್ಟು ಮೆತ್ತಗೆ ತೆರೆಯುವ ಬಾಗಿಲು ಬೇರೆ ಇರಲಿಲ್ಲ. ಏಳು ತಿಂಗಳು. ನಾನು ಗೇಲಿ ಮಾಡುತ್ತಿದ್ದೆ. ಈಗ ಆ ಗೇಲಿ ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಈಗ ನಾನು ಹೇಳದೆ ಉಳಿಸಿಕೊಂಡದ್ದು. ಜನವರಿಯಲ್ಲಿ ಅವರು ಹತ್ತಿದ್ದು ಬೋಲ್ಟು ಬಿಗಿ ಮಾಡಲಿಕ್ಕಲ್ಲ. ಡ್ರಿಲ್ ತೆಗೆದುಕೊಂಡು ಹೋಗಿದ್ದರು. ಮೇಸ್ತ್ರಿಗೂ ಹೇಳಿರಲಿಲ್ಲ, ಏಣಿಯನ್ನು ಮಾರುಕಟ್ಟೆಯವರಿಂದ ಕೇಳಿ ಪಡೆದಿದ್ದರು. ಚೌಕಟ್ಟಿನ ಚೂರುಗಳನ್ನು ನಮಗೆ ಕೊಟ್ಟಾಗ ನೋಡಿದೆ. ಮೇಲಿನ ಉದ್ದನೆಯ ಪಟ್ಟಿಯ ನಟ್ಟನಡುವೆ ಉಗುರಿನಷ್ಟು ಆಳ ಕೊರೆದ ಗುರುತು. ಕೊರೆಯಲು ಶುರುಮಾಡಿದ್ದರು. ಸಮಿತಿಯವರು ಡ್ರಿಲ್ಲನ್ನು ‘ಅನುಮತಿಯಿಲ್ಲದ ಬದಲಾವಣೆಯ ಪ್ರಯತ್ನ’ ಎಂದು ಬರೆದುಕೊಂಡರು. ಅಂದರೆ ಕೊನೆಗೆ ಅವರು ನಿನ್ನ ಕಾಗದಕ್ಕೆ ಕಾಯುವುದನ್ನು ಬಿಟ್ಟಿದ್ದರು. ಅದನ್ನು ಓದಿ ನಿನಗೆ ನೋವಾಗುತ್ತದೋ ಸಮಾಧಾನವಾಗುತ್ತದೋ ನನಗೆ ಗೊತ್ತಿಲ್ಲ.

ನಿನ್ನ ಹಳೆಯ ಕಾಗದ ಅವರ ಸ್ಪ್ಯಾನರ್ ಚೀಲದಲ್ಲಿತ್ತು. ಚೀಲ ಮೊದಲ ವಾರವೇ ನನ್ನ ಕೈಗೆ ಬಂತು. ವಿಚಾರಣೆಯಲ್ಲಿ, “ನಕ್ಷೆಗೆ ಆಧಾರ ಏನಿತ್ತು?” ಎಂದು ನನ್ನನ್ನು ಕೇಳಿದರು. ಏನೂ ಇಲ್ಲ, ಅವರ ಅನುಭವ ಅಂದೆ. ನಿನ್ನನ್ನು ಉಳಿಸಲಿಕ್ಕಲ್ಲ. ಓದುವ ಹುಡುಗಿಯ ಕಾಗದ ನೋಡಿ ಊರ ಬಾಗಿಲಿಗೆ ಕಬ್ಬಿಣ ಏರಿಸಿದರು ಎಂದು ಯಾರೂ ಅನ್ನಬಾರದು ಎಂದು. ಅದಕ್ಕೆ ಬದಲಾಗಿ ಕಳಪೆ ಕೆಲಸದವರು ಎನಿಸಿಕೊಂಡರು.

ಇನ್ನು ಹನ್ನೊಂದು ದಿನ ಇದೆ. ಮಕ್ಕಳು ಆ ಬಾಗಿಲಲ್ಲೇ ಸಾಲು ನಿಲ್ಲುತ್ತಾರೆ.

ಅತ್ತಿಗೆ


ಏಪ್ರಿಲ್ 20, ಸೋಮವಾರ

ನಗರದ ಎಂಜಿನಿಯರ್ ಅವರಿಗೆ
(ಪ್ರತಿ: ನನ್ನ ಅತ್ತಿಗೆಗೆ)

ಮಾನ್ಯರೇ,

ಈಜುಕೊಳದ ಮುಂಬಾಗಿಲ ಮೇಲಿನ ಚೌಕಟ್ಟು ಬಿಗಿಯಾಗಿಲ್ಲ. ಅದರ ಕೆಳಗಿನ ಓಡಾಟವನ್ನು ಈ ಪತ್ರ ತಲುಪಿದ ದಿನವೇ ನಿಲ್ಲಿಸಬೇಕೆಂದು ಕೋರುತ್ತೇನೆ.

ಚೌಕಟ್ಟಿನ ಆರು ಮೂಲೆಗಳೂ ಒಂದೇ ವೃತ್ತದ ಮೇಲಿವೆ. ಹೀಗಿರುವಾಗ ಒಂದು ಬಿಟ್ಟು ಒಂದು ಮೂಲೆ ಹೊರಕ್ಕೂ ಉಳಿದವು ಒಳಕ್ಕೂ ಸರಿಯುವುದನ್ನು ಒಂಬತ್ತು ಪಟ್ಟಿಗಳಲ್ಲಿ ಯಾವುದೂ ತಡೆಯುವುದಿಲ್ಲ. ಈ ಚಲನೆ ಚಿಕ್ಕದು. ಆದರೆ ಪಂಪಿನ ಕಂಪನಕ್ಕೆ ಅದು ದಿನವೂ ನಡೆದು ಬೋಲ್ಟಿನ ತೂತುಗಳನ್ನು ಅಗಲಿಸುತ್ತದೆ. ಉದ್ದನೆಯ ಮೂರು ಪಟ್ಟಿಗಳನ್ನು ಅವು ಹಾದುಹೋಗುವ ಮಧ್ಯದಲ್ಲಿ ಒಂದೇ ಬೋಲ್ಟಿನಿಂದ ಸೇರಿಸಿದರೆ ಚಲನೆ ನಿಲ್ಲುತ್ತದೆ. ಲೆಕ್ಕದ ವಿವರ ನಾಲ್ಕು ಪುಟಗಳಲ್ಲಿ ಲಗತ್ತಿಸಿದೆ.

ಎರಡು ವರ್ಷದ ಹಿಂದೆ ಬಿದ್ದ ಮಾರುಕಟ್ಟೆಯ ಚೌಕಟ್ಟೂ ಇದೇ ನಕ್ಷೆಯದು. ಅದನ್ನು ಮಾಡಿದವರು ನನ್ನ ಅಣ್ಣ. ಜೋಡಿಸುವ ಮೊದಲು ಅವರು ಮಧ್ಯದಲ್ಲಿ ಬೋಲ್ಟ್ ಬೇಕೇ ಎಂದು ನನ್ನನ್ನು ಲಿಖಿತವಾಗಿ ಕೇಳಿದ್ದರು. ಬೇಡ ಎಂದು ನಾನು ಲಿಖಿತವಾಗಿ ಉತ್ತರಿಸಿದೆ. ಆಗ ನಾನು ವಿದ್ಯಾರ್ಥಿನಿ. ಪ್ರಮೇಯದ ಒಂದು ಷರತ್ತನ್ನು ಗಮನಿಸಿರಲಿಲ್ಲ. ತಪ್ಪು ನನ್ನದು. ಕೆಲಸ ಕಳಪೆಯಾಗಿತ್ತು ಎಂಬ ಸಮಿತಿಯ ತೀರ್ಮಾನವನ್ನು ಮರುಪರಿಶೀಲಿಸಬೇಕು. ಆ ಉತ್ತರದ ಮೂಲ ನನ್ನ ಅತ್ತಿಗೆಯ ಬಳಿ ಇದೆ.

ಇಂತಿ,
ಮೃತರ ತಂಗಿ
ಗಣಿತ ಸಂಶೋಧಕಿ


ಮೇ 8, ಶುಕ್ರವಾರ

ಲೆಕ್ಕದಮ್ಮನಿಗೆ,

ಈಜುಕೊಳದ ಚೌಕಟ್ಟಿಗೆ ಮಧ್ಯದ ಬೋಲ್ಟ್ ಬಿತ್ತು. ಹಾಕಿದವರು ಮೇಸ್ತ್ರಿ, ನೋಡಿದವರು ಎಂಜಿನಿಯರ್, ವಾಚ್‌ಮನ್ ಮತ್ತು ನಾನು.

ನಿನ್ನ ಪತ್ರ ತಲುಪಿದ ಮಧ್ಯಾಹ್ನವೇ ಬಾಗಿಲು ಮುಚ್ಚಿಸಿದರು. ತರಗತಿ ಎರಡು ವಾರ ಮುಂದಕ್ಕೆ ಹೋಯಿತು. ಕೆಲವು ತಾಯಂದಿರು ನನಗೆ ಕೇಳಿಸುವ ಹಾಗೆ, “ಈಯಮ್ಮನಿಂದ ಮಕ್ಕಳ ರಜಾ ಹಾಳಾಯ್ತು,” ಅಂದರು. ಅನ್ನಲಿ. ನಮ್ಮ ಶೆಡ್ಡಿಗೆ ಅನುಮತಿ ಇಲ್ಲವಲ್ಲ, ಆದ್ದರಿಂದ ಕಾಗದದಲ್ಲಿ ಈ ಕೆಲಸ ಬೇರೆ ಯಾರದೋ ಹೆಸರಿನಲ್ಲಿದೆ. ಆದರೆ ಮೂರು ಪಟ್ಟಿಗೆ ಒಂದೇ ತೂತು ನೇರ ಕೊರೆಯಲು ಅವರಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಎಂಜಿನಿಯರ್ ಮುಖ ಆಚೆ ತಿರುಗಿಸಿ ನಿಂತರು, ಮೇಸ್ತ್ರಿ ಹತ್ತಿದರು. ಏಣಿ ನಾನು ಹಿಡಿದೆ.

ನಾಲ್ಕಕ್ಕೆ ಪಂಪ್ ಹಾಕಿದರು. ಎಲ್ಲರೂ ತಲೆ ಎತ್ತಿ ನಿಂತೆವು. ಸದ್ದಿಲ್ಲ. ನೀರು ಮಾತ್ರ. ನೆಲ ಒರೆಸುವ ಹೆಂಗಸು ಬಕೆಟ್ ಇಟ್ಟು, “ಹೋದ್ರಾ?” ಎಂದು ಕೇಳಿದಳು. ನಾನು ಐದರವರೆಗೆ ಕೂತೆ. ಆಮೇಲೆ ಮೂರು ದಿನ ಹೋಗಿ ಕೂತೆ. ನಿಂತದ್ದು ಒಳ್ಳೆಯದಾಯಿತು ಎಂದು ನನಗೆ ಗೊತ್ತು. ಆದರೂ ಇನ್ನೊಮ್ಮೆ ಕಳೆದುಕೊಂಡ ಹಾಗಾಯಿತು. ಇದನ್ನು ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೆ ನಿನಗೆ ಬರೆದೆ.

ಈಗ ನಿನ್ನ ಹೇಳಿಕೆಯ ವಿಷಯ. ಎಂಜಿನಿಯರ್ ನನಗೆ ಓದಲು ಕೊಟ್ಟರು, ನಿನ್ನ ಪ್ರತಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಎಲ್ಲ ಸ್ಪಷ್ಟವಾಗಿದೆ. ವಿದ್ಯಾರ್ಥಿನಿಯಾಗಿದ್ದಾಗ ತಪ್ಪು ಮಾಡಿದೆ ಎಂದು ಬರೆದಿದ್ದೀಯ. ಅದನ್ನು ಓದಿದವರು ಯಾರಾದರೂ ಕ್ಷಮಿಸುತ್ತಾರೆ. ಎಂಜಿನಿಯರ್ ಆಗಲೇ ಕ್ಷಮಿಸಿದ್ದಾರೆ. “ಚಿಕ್ಕ ವಯಸ್ಸು, ಪಾಪ, ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡಿದ್ದಾರೆ,” ಅಂದರು.

ಆ ಉಪನ್ಯಾಸ ಅದರಲ್ಲಿ ಇಲ್ಲ. ಅಂಚೆಗೆ ಹಾಕದ ಕಾಗದ ಇಲ್ಲ. ಜೂನ್ ತಿಂಗಳು ಇಲ್ಲ.

ನಾಲ್ಕು ಪುಟದ ಲೆಕ್ಕದಲ್ಲಿ ಹುಡುಕಿದೆ, ನನಗೆ ಅರ್ಥವಾಗದ ಕಡೆ ಎಲ್ಲಾದರೂ ಇದ್ದೀತು ಎಂದು. ಅಲ್ಲೂ ಇಲ್ಲ.

ನಾನು ಎಂಜಿನಿಯರಿಗೆ ಏನೂ ಹೇಳಲಿಲ್ಲ. ನಿನ್ನ ಏಪ್ರಿಲ್ ಎಂಟರ ಕಾಗದವನ್ನು ಅವರಿಗೆ ಕೊಡುವುದೂ ಇಲ್ಲ. ಅದು ನನಗೆ ಬರೆದದ್ದು. ನಿಮ್ಮಣ್ಣ ನೀನೇ ಹೇಳಲಿ ಎಂದು ಏಳು ತಿಂಗಳು ಬಾಗಿಲಲ್ಲಿ ನಿಂತರು. ನನಗೆ ಅಷ್ಟು ತಾಳ್ಮೆ ಇಲ್ಲ, ಅಷ್ಟು ಪ್ರೀತಿಯೂ ಇಲ್ಲ ಎಂದೇ ಇಟ್ಟುಕೋ. ನನ್ನ ಸರದಿ ಬಂದಾಗ, ಕಾಗದ ಬಚ್ಚಿಟ್ಟು ವಿಚಾರಣೆಯಲ್ಲಿ ಸುಳ್ಳು ಹೇಳಿದ್ದನ್ನು ನಾನು ಹೇಳುತ್ತೇನೆ. ಅದರಿಂದ ಶೆಡ್ಡು ಪೂರ್ತಿ ಮುಚ್ಚಬಹುದು ಎಂದು ವಕೀಲರು ಹೇಳಿದ್ದಾರೆ. ಮೇಸ್ತ್ರಿಗೆ ತಿಳಿಸಿದ್ದೇನೆ.

ನಿನ್ನ ಪತ್ರದ ಮೇಲೆ ಸಮಿತಿ ಕರೆದ ಮರುವಿಚಾರಣೆ ಮೇ 21, ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಎರಡನೆಯ ಮಹಡಿ, ಏಳನೆಯ ಕೊಠಡಿ. ಸಾಕ್ಷಿಗಳ ಪಟ್ಟಿಯಲ್ಲಿ ನೀನು ಮೊದಲು, ನಾನು ಎರಡನೆಯವಳು.

ಅತ್ತಿಗೆ